ಹುಳುಮನೆ ಮುಂದಿನ ಸುಣ್ಣದ ಗೆರೆ

ಹೋದ ಭಾನುವಾರ ಹೊಂಗನೂರಿನಲ್ಲಿ, ನನ್ನ ತಮ್ಮ ಶಿವಲಿಂಗನ ಹುಳುಮನೆ ಮುಂದೆ ಒಬ್ಬ ಮನುಷ್ಯ ಅರ್ಧ ಗಂಟೆ ಬಿಸಿಲಲ್ಲಿ ನಿಂತಿದ್ದ. ಪಕ್ಕದಲ್ಲಿ ಹೆಂಡತಿ, ಅವಳ ಸೆರಗು ಹಿಡಿದ ನಾಲ್ಕು ವರ್ಷದ ಮಗಳು, ಹೊಟ್ಟೆ ಉಬ್ಬಿದ ಒಂದು ನೀಲಿ ಬ್ಯಾಗು.

"ಯಾಕ್ಲಾ ಅಲ್ಲೇ ನಿಂತ್ಕಂಡೆ? ಬಾರ್ಲಾ ಒಳಿಕ್ಕೆ" ಎಂದು ಬಾಗಿಲ ಒಳಗೆ ನನ್ನ ಪಕ್ಕದಲ್ಲಿದ್ದ ತಮ್ಮ ನಾಲ್ಕು ಸಲ ಕರೆದ. ಅವನು ನಕ್ಕ, ಆದರೆ ಬರಲಿಲ್ಲ. ಬಾಗಿಲ ಮುಂದಿನ ಸುಣ್ಣದ ಗೆರೆಯ ಆಚೆಗೇ ನಿಂತಿದ್ದ. ಮಗಳು ಒಂದು ಹೆಜ್ಜೆ ಮುಂದಿಟ್ಟಳು. ಗಬಕ್ಕನೆ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದುಕೊಂಡ.

ಆ ಗೆರೆ ಅವನಿಗೆ ಹೊಸದಲ್ಲ. ಒಂದು ಕಾಲದಲ್ಲಿ ದಿನಾ ಬೆಳಿಗ್ಗೆ ಅದನ್ನು ಎಳೆಯುತ್ತಿದ್ದವನೇ ಅವನು.

ರೇಷ್ಮೆ ಹುಳು ಸಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ನಮ್ಮ ಕಡೆ ಹುಳುಮನೆಗೆ ಯಾರೆಂದರೆ ಯಾರೂ ನುಗ್ಗುವ ಹಾಗಿಲ್ಲ. ಬಾಗಿಲಿಗೆ ಸುಣ್ಣದ ಪುಡಿಯ ಗೆರೆ. ಕೈಕಾಲು ತೊಳೆದು, ಬ್ಲೀಚಿಂಗ್ ನೀರಲ್ಲಿ ಪಾದ ಅದ್ದಿ ಒಳಗೆ ಹೋಗಬೇಕು. ಬೀಗರು ಬಂದರೂ ಗೆರೆಯ ಆಚೆ ನಿಲ್ಲಿಸಿಯೇ ಮಾತಾಡಿಸುತ್ತೇವೆ. (ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರ ಮನೆ ಮುಂದೆಯೂ ಗೆರೆ ಇರುತ್ತದೆ.) ಒಂದು ಹುಳುವಿಗೆ ಹಾಲುತೊಂಡೆ ರೋಗ ಬಂತೋ, ಇಡೀ ತಟ್ಟೆಗೆ ಹರಡುತ್ತದೆ. ಅಂಥ ಹುಳುವನ್ನು ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕಿಬಿಡಬೇಕು. ಅಯ್ಯೋ ಪಾಪ ಅನ್ನುವಂತಿಲ್ಲ.

ಕೊರೊನಾ ಬಂದಾಗ ಟಿವಿಯವರು ಸ್ಯಾನಿಟೈಸರ್, ಡಿಸ್ಟೆನ್ಸ್ ಎಂದು ಬಡಕೊಳ್ಳುತ್ತಿದ್ದರೆ ನಮ್ಮೂರಿನವರು ನಕ್ಕರು. ಇದನ್ನೆಲ್ಲ ನಮಗೆ ಹೇಳಿಕೊಡಬೇಕಾ? ನಮ್ಮ ತಪ್ಪು ಶುರುವಾಗಿದ್ದೇ ಅಲ್ಲಿಂದ. ಹುಳುವಿಗೆ ಮಾಡುವುದನ್ನು ಮನುಷ್ಯನಿಗೂ ಮಾಡಿದೆವು.

ಅವನ ಹೆಸರು ದಿಲ್ ಬಹದ್ದೂರ್. ನೇಪಾಳದ ಪಶ್ಚಿಮದ ತುದಿಯ ಒಂದು ಬೆಟ್ಟದೂರಿನವನು. (ನಾವು ಬರೀ ಬಹದ್ದೂರ್ ಅನ್ನುತ್ತಿದ್ದೆವು. ನೇಪಾಳದಿಂದ ಬಂದವರಿಗೆಲ್ಲ ನಾವು ಇಟ್ಟಿರುವುದು ಅದೊಂದೇ ಹೆಸರು ತಾನೇ?) ಮೊದಲು ಹಾರೋಹಳ್ಳಿಯ ಒಂದು ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯೂರಿಟಿ ಆಗಿದ್ದ. ನಮ್ಮೂರಿನ ಗಂಡಸರು ಹುಳುಮನೆ ಬಿಟ್ಟು ಬೆಳಗಿನ ಬಸ್ಸಿಗೆ ಫ್ಯಾಕ್ಟರಿಗಳಿಗೆ ಹೊರಟರು. ಅವನು ಫ್ಯಾಕ್ಟರಿ ಬಿಟ್ಟು ನಮ್ಮ ಹುಳುಮನೆಗೆ ಬಂದ. ಒಳ್ಳೇ ಅದಲುಬದಲು!

ಮೂರು ವರ್ಷ ಇದ್ದ. ಹುಳುಮನೆಗೆ ಅಂಟಿಕೊಂಡ ಕೋಣೆಯಲ್ಲೇ ವಾಸ. ರೋಗದ ಹುಳುವನ್ನು ಅವನಷ್ಟು ಬೇಗ ಗುರುತಿಸುವವರು ನಮ್ಮ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. "ಅಣ್ಣಾ, ಈ ತಟ್ಟೇಲಿ ಒಸಿ ಅನ್ಮಾನ ಐತೆ" ಅನ್ನುತ್ತಿದ್ದ, ಥೇಟ್ ಹೊಂಗನೂರಿನವನ ಹಾಗೆ. ವರ್ಷಕ್ಕೊಮ್ಮೆ ದಸರಾಕ್ಕೆ ಊರಿಗೆ ಹೋಗಿ ಬರುವುದು ಬಿಟ್ಟರೆ ಅವನಿಗೆ ಬೇರೆ ರಜೆಯಿಲ್ಲ.

ಆ ಮಾರ್ಚಿನಲ್ಲಿ ಅವನ ಹೆಂಡತಿ ಬಸುರಿ. ಪರಿಚಯದವನೊಬ್ಬ ನೇಪಾಳಕ್ಕೆ ಹೊರಟಿದ್ದಾನೆ ಎಂದು ಅವಳಿಗೊಂದು ಸೀರೆ, ಹುಟ್ಟಲಿರುವ ಮಗುವಿಗೊಂದು ಉಲ್ಲನ್ ಟೋಪಿ ಕಳಿಸಲು ಬೆಂಗಳೂರಿಗೆ ಹೋದ. ಲಾಕ್‌ಡೌನ್ ಆಯಿತು. ಆ ಪರಿಚಯದವನಿಗೂ ಬಸ್ಸಿಲ್ಲ, ಇವನಿಗೂ ಬಸ್ಸಿಲ್ಲ. ಆ ಪೊಟ್ಟಣ ಹಿಡಿದುಕೊಂಡು ಎರಡು ದಿನ ನಡೆದು ವಾಪಸ್ ಬಂದ. ಎಲ್ಲಿಗೆ? ತನ್ನ ಕೋಣೆಗೆ. ತನ್ನದು ಅಂದುಕೊಂಡಿದ್ದನಲ್ಲ, ಆ ಕೋಣೆಗೆ.

ತಮ್ಮ ಅವನನ್ನು ಗೆರೆಯ ಆಚೆ ನಿಲ್ಲಿಸಿ ನನಗೆ ಫೋನ್ ಮಾಡಿದ. ನಾನು ಚನ್ನಪಟ್ಟಣದಲ್ಲಿರುವವಳು, ಓದಿದವಳು, ಪೇಪರಿಗೆ ಬರೆಯುವವಳು. ಮನೆಯಲ್ಲಿ ಏನೇ ಆದರೂ ಅಕ್ಕನನ್ನು ಕೇಳುವುದು ರೂಢಿ.

"ಏನ್ ಮಾಡ್ಲಕ್ಕ? ಬೆಂಗ್ಳೂರಿಂದ ನಡ್ಕಂಡೇ ಬಂದ್ಬುಟ್ಟವ್ನೆ. ಅವ್ವ ಒಳಿಕ್ಕೆ ಕರ್ಕೊ ಅಂತಾವ್ಳೆ."

"ತಲೆ ಕೆಟ್ಟಿದ್ಯೇನೋ? ಅವ್ವಂಗೆ ಉಬ್ಬಸ. ಗೆರೆ ದಾಟಿಸ್ಬೇಡ. ಇವನು ಹೋದ್ರೆ ಇನ್ನೊಬ್ಬ ಬಹದ್ದೂರ್ ಸಿಗ್ತಾನೆ."

ಹೀಗೇ ಅಂದೆ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಫೋನಿನಲ್ಲಿ ಹಿಂದಿನಿಂದ ಅವ್ವ ಕೂಗುತ್ತಿದ್ದದ್ದೂ ನನಗೆ ಕೇಳಿತು. "ಅಸ್ಕಂಡವ್ನೆ ಕಣ್ಲಾ, ಕರ್ಕೊಳ್ಲಾ ಮಗನ್ನ." ಉಬ್ಬಸದವಳು ಕರಿ ಅನ್ನುತ್ತಿದ್ದಳು. ಅವಳ ಉಬ್ಬಸದ ನೆಪ ಹಿಡಿದವಳು ನಾನು.

ಊರಿನ ರಸ್ತೆಗೆ ಆಗಲೇ ಮುಳ್ಳು ಹಾಕಿದ್ದರು. ಅವನು ತೋಟದ ಅಂಚಿನ ಹೊಂಗೆ ಮರದ ಕೆಳಗೆ ಮೂರು ದಿನ ಮಲಗಿದ. ತಮ್ಮ ಹೊತ್ತೊತ್ತಿಗೆ ಮುದ್ದೆ, ಸಾರು ತೆಗೆದುಕೊಂಡು ಹೋಗಿ, ಅಲ್ಲೂ ಒಂದು ಸುಣ್ಣದ ಗೆರೆ ಎಳೆದು, ಗೆರೆಯ ಮೇಲಿಟ್ಟು ಬರುತ್ತಿದ್ದ. ನಾಲ್ಕನೆಯ ದಿನ ಊಟ ಹಾಗೇ ಇತ್ತು. ಅವನಿರಲಿಲ್ಲ.

ಆ ವಾರ ನಾನೇನು ಮಾಡಿದೆ ಗೊತ್ತೇ? ಇದೇ ಅಂಕಣದಲ್ಲಿ, ಹೆದ್ದಾರಿಯಲ್ಲಿ ನಡೆದು ಹೋಗುವವರ ಕಾಲಿನ ಬೊಬ್ಬೆಗಳ ಬಗ್ಗೆ ಬರೆದೆ. ಓದಿ ಅತ್ತೆವು ಎಂದು ನಿಮ್ಮಲ್ಲಿ ಎಷ್ಟೋ ಜನ ಹೇಳಿದಿರಿ. ಥ್ಯಾಂಕ್ಸ್ ಅಂದೆ. ನಾಚಿಕೆ ಆಗಲಿಲ್ಲವೇ? ಆವತ್ತು ಆಗಲಿಲ್ಲ. ಇವತ್ತು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅವನಿಗೆ ಯಾವ ರೋಗವೂ ಇರಲಿಲ್ಲ ಎಂದು ಈಗ ಗೊತ್ತು. ನಮ್ಮ ಹುಳುಗಳಿಗೆ ಮಾತ್ರ ಆ ಸಲ ಹಾಲುತೊಂಡೆ ಬಂತು. ಅದು ಗೆರೆಯ ಒಳಗೇ ಇತ್ತು. ಗುರುತಿಸುವವನು ಹೊರಗಿದ್ದ.

ಇನ್ನೊಬ್ಬ ಬಹದ್ದೂರ್ ಸಿಕ್ಕನೇ? ಸಿಗಲಿಲ್ಲ. ತಮ್ಮ ಹಾರೋಹಳ್ಳಿಯವರೆಗೂ ಹೋಗಿ ವಿಚಾರಿಸಿದ. ಬಂದವರು ಒಂದು ಗೂಡಿನ ಬೆಳೆ ಮುಗಿಯುವುದರೊಳಗೆ ಹೋದರು. ನಿಧಾನವಾಗಿ ಹೊರಗಿನಿಂದ ಫ್ಯಾಕ್ಟರಿಗಳಿಗೆ ಮತ್ತೆ ಜನ ಬಂದರು, ನಿಜ. ಆದರೆ ಮೊದಲಿನ ಹಾಗೆ ಅಲ್ಲ. ನನಗೆ ಇದು ತಿಳಿದದ್ದು ಬಟ್ಟೆ ಒಣಹಾಕುವ ಹಗ್ಗಗಳಿಂದ. ಕೊರೊನಾಕ್ಕೆ ಮುಂಚೆ ಹಾರೋಹಳ್ಳಿಯ ಬಾಡಿಗೆ ರೂಮುಗಳ ಮುಂದೆ ಬರೀ ಪ್ಯಾಂಟು, ಬನಿಯನ್ನು, ಯೂನಿಫಾರ್ಮ್ ಶರಟು ನೇತಾಡುತ್ತಿದ್ದವು. ಒಂದು ರೂಮಿಗೆ ಆರೇಳು ಗಂಡಸರು. ಈಗ ಅದೇ ಹಗ್ಗದ ಮೇಲೆ ಸೀರೆ, ಫ್ರಾಕು, ಮಗುವಿನ ಲಂಗೋಟಿ. ಅಂಗನವಾಡಿಯಲ್ಲಿ ಬಿಹಾರದ ಮಕ್ಕಳು, ಒಡಿಶಾದ ಮಕ್ಕಳು, ಗಡಿಯಾಚೆಯ ನೇಪಾಳದ ಮಕ್ಕಳು ಕನ್ನಡದಲ್ಲಿ ಜಗಳವಾಡುತ್ತವೆ. ಯಾಕೆ ಹೀಗಾಯಿತು? ನಾನೂ ಏನೇನೋ ಥಿಯರಿ ಕಟ್ಟಿಕೊಂಡಿದ್ದೆ.

ಭಾನುವಾರ ಬಹದ್ದೂರ್ ಗೆರೆಯ ಆಚೆ ನಿಂತು ಒಂದೇ ಮಾತಲ್ಲಿ ಹೇಳಿದ. "ಒಬ್ನೇ ಬರಕ್ಕೆ ಭಯ ಅಕ್ಕಾ."

ಹೊಂಗೆ ಮರದಿಂದ ಹೊರಟವನು ಅಷ್ಟು ದೂರ ನಡೆದು, ಲಾರಿ ಹತ್ತಿ, ಹೇಗೋ ಗಡಿ ಮುಟ್ಟಿದ್ದ. "ಇಂಡಿಯಾಕ್ಕೂ ನಮ್ಗೂ ಗೇಟೇ ಇಲ್ಲ ಅನ್ಕಂಡಿದ್ದೆ ಅಕ್ಕಾ. ಪಾಸ್‌ಪೋರ್ಟ್ ಕೇಳಲ್ಲ, ಬಸ್ಸತ್ತಿದ್ರೆ ಬಂದ್ಬುಡ್ತಿದ್ವಿ. ಆವತ್ತು ನೋಡಿದ್ರೆ ಗೇಟ್ ಹಾಕವ್ರೆ." ಗಡಿಯ ನದಿಯ ಈಚೆ ದಿನಗಟ್ಟಲೆ ಕೂತ. ಅಲ್ಲಿರುವಾಗಲೇ ಊರಿಂದ ಫೋನು: ಅಪ್ಪ ಹೋದರು. ಕ್ರಿಯೆ ಪಕ್ಕದ ಮನೆಯವನು ಮಾಡಿದ. ಇವನು ನದಿಗಿಳಿದು ಮುಳುಗೆದ್ದ. ಅಷ್ಟೇ. ಮನೆ ಸೇರುವ ಹೊತ್ತಿಗೆ ಮಗಳು ಹುಟ್ಟಿ ಹನ್ನೊಂದು ದಿನ ಆಗಿತ್ತು.

"ಸತ್ರೂ ಒಟ್ಗೆ, ಇದ್ರೂ ಒಟ್ಗೆ. ಅದ್ಕೇ ಎಲ್ರೂ ಬಂದೀವಿ" ಎಂದ. ಹೆಂಡತಿಗೆ ಕನ್ನಡ ಬಾರದು, ಗಂಡನ ಮುಖವನ್ನೇ ನೋಡುತ್ತಿದ್ದಳು.

ಅವನೂರಿನ ಬಹಳ ಜನ ಈಗ ಇತ್ತ ಬರುವುದೇ ಇಲ್ಲವಂತೆ, ವಿಮಾನ ಹತ್ತಿ ಗಲ್ಫಿಗೆ, ಮಲೇಷ್ಯಾಕ್ಕೆ ಹೋಗುತ್ತಾರಂತೆ. ಮತ್ತೆ ನೀನ್ಯಾಕೆ ಇಲ್ಲಿಗೇ ಬಂದೆ ಎಂದು ಕೇಳಿದೆ. "ಅಲ್ಲಿಗೆ ಹೆಂಡ್ತಿ ಮಕ್ಳನ್ನ ಬುಡಲ್ಲ ಅಕ್ಕಾ. ಇಲ್ಲಿ ಕೆಲ್ಸ ಗೊತ್ತು. ಅಣ್ಣ ಮೂರ್ ದಿನ ಊಟ ಕೊಟ್ರು. ದಾರೀಲಿ ಅದೂ ಯಾರೂ ಕೊಡ್ಲಿಲ್ಲ."

ನಮ್ಮ ಮೂರು ದಿನದ ಮುದ್ದೆ ಅವನಿಗೆ ಉಪಕಾರವಾಗಿ ಕಂಡಿತ್ತು!

ತಮ್ಮ ಮತ್ತೆ ಕರೆದ. "ಬಾರಪ್ಪ, ನಿನ್ ಕೋಣೆ ಹಂಗೇ ಐತೆ. ಮೂರ್ ಜನಾನೂ ಇರ್ರಿ."

ಆಗ ಅವನು ಮಾತು ಎತ್ತಿದ. ಸಂಬಳದ ಮಾತಲ್ಲ. "ಅಣ್ಣಾ, ಅಂಥದ್ದು ಇನ್ನೊಂದ್ಸಲ ಬಂದ್ರೆ, ಇವಳನ್ನ, ಈ ಮಗೀನ ಗೆರೆ ಒಳಿಕ್ಕೆ ಮಡಿಕ್ಕತ್ತೀರಾ? ಅದೊಂದ್ ಹೇಳ್ಬುಡಿ. ಇಲ್ಲ ಅಂದ್ರೆ ಬೇಜಾರಿಲ್ಲ, ಮೂರ್ ಗಂಟೆ ಬಸ್ಸಿಗೆ ಹೊಂಟೋಯ್ತೀವಿ."

ತಮ್ಮ ನನ್ನ ಮುಖ ನೋಡಿದ. ಅಕ್ಕನನ್ನು ಕೇಳುವ ರೂಢಿ ಇನ್ನೂ ಹೋಗಿಲ್ಲ. ನಾನು ಎದ್ದು ಗೆರೆಯ ಹತ್ತಿರ ಹೋದೆ. "ಮಡಿಕ್ಕತ್ತೀವಿ ಕಣಪ್ಪ. ನಾನು ಹೇಳ್ತಿದ್ದೀನಿ" ಎಂದೆ.

ಅವನು ತಲೆ ತಗ್ಗಿಸಿದ. ಆಮೇಲೆ ಸ್ವಲ್ಪವೂ ಸಿಟ್ಟಿಲ್ಲದೆ, ಮೆತ್ತಗೆ ಹೇಳಿದ.

"ಆವತ್ತು ಅಣ್ಣ ಫೋನ್ ಸ್ಪೀಕರ್‌ಗೆ ಹಾಕಿದ್ರು ಅಕ್ಕಾ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ಅವನು ನನ್ನ ಆ ಮಾತನ್ನು ಹೊತ್ತುಕೊಂಡು ತಿರುಗಿದ್ದಾನೆ. ಅಷ್ಟು ಚೆನ್ನಾಗಿ ಕನ್ನಡ ಕಲಿತಿದ್ದನಲ್ಲ, ಒಂದಕ್ಷರವೂ ತಪ್ಪಿಸಿಕೊಂಡಿರಲಾರದು. ತಪ್ಪಾಯ್ತಪ್ಪಾ ಅಂದೆ. ಅವನು "ಬುಡಿ ಅಕ್ಕಾ, ಎಲ್ರಿಗೂ ಭಯ ಇತ್ತು" ಎಂದ. ಒಳಗಿನಿಂದ ಅವ್ವ ಗೋಡೆ ಹಿಡಿದುಕೊಂಡು ಬಂದಳು. ಬಂದವಳೇ ಚಪ್ಪಲಿ ಕಾಲಲ್ಲಿ ಸುಣ್ಣದ ಗೆರೆಯನ್ನು ಒರೆಸಿ, ಮಗುವಿನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ತಮ್ಮ "ಅವ್ವೋ, ಗೆರೆ!" ಎಂದು ಬಾಯಿ ತೆರೆದವನು ಗಂಡ ಹೆಂಡತಿಗೂ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಗುರುವಾರ ಫೋನ್ ಮಾಡಿದ್ದೆ. ಹೊಸ ಹುಳು ಬಂದಿವೆಯಂತೆ. ಗಂಡ ಹೆಂಡತಿ ಸೊಪ್ಪು ಹಾಕುತ್ತಾರಂತೆ, ಮಗು ಅವ್ವನ ಹಿಂದೆಯೇ ಸುತ್ತುತ್ತದಂತೆ. ನನಗೆ ಖುಷಿಯಾಯಿತು. ಫೋನ್ ಇಡುವ ಮೊದಲು ತಮ್ಮ ಅಂದ: "ಎಲ್ಲ ಸರಿ ಐತೆ ಕಣಕ್ಕ. ಆ ನೀಲಿ ಬ್ಯಾಗ್ ಒಂದ್ನ ಇನ್ನೂ ಬಿಚ್ಚಿಲ್ಲ. ಬಾಗ್ಲತ್ರನೇ ಮಡಗವ್ರೆ. ನೀನಾರ ಒಂದ್ಮಾತ್ ಹೇಳ್ಬಾರ್ದಾ?"

ಬಿಚ್ಚಿ ಅನ್ನಲು ನನಗೆ ಯಾವ ಮುಖ ಇದೆ, ಹೇಳಿ?