ಬೆಕ್ಕಿಗೆ ಜಾಗ ತೋರಿಸಲು ಹೋದವಳು

ನಮ್ಮ ಅವ್ವ ಸಿಟ್ಟು ಬಂದರೆ ಕೂಗಾಡುವ ಹೆಂಗಸಲ್ಲ. ಕೂಗಾಡುವವರನ್ನು ಕಂಡರೆ ನನಗೆ ಈಗಲೂ ಹೆದರಿಕೆಯಿಲ್ಲ. ಗಂಟಲು ಆರಿದ ಮೇಲೆ ಅವರು ನೀರು ಕೇಳುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಅವ್ವ ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಭರಣಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಿದ್ದಳು. ಹದಕ್ಕೆ ಬಂದಾಗ ತೆಗೆಯುತ್ತಿದ್ದಳು. ನಾನು ಆಕೆಯ ಮಗಳು, ಆಕೆಯ ಸಿಟ್ಟೇ ನನಗೂ ಬಂದಿದೆ. ಕೂಡಿಡುವ ಜಾಣತನ ಮಾತ್ರ ಬರಲಿಲ್ಲ.

ಗೋಕಾಕದಲ್ಲಿ ನಮ್ಮಪ್ಪನದು ಬೆಲ್ಲ, ಜೋಳದ ಅಡತಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಆ ಮನೆಯಲ್ಲಿ ಅಪ್ಪನ ತಂಗಿ, ನನ್ನ ಅತ್ತೆ, ನಮ್ಮ ಜೊತೆ ಇದ್ದಳು. ಹುಕ್ಕೇರಿಗೆ ಮದುವೆಯಾಗಿ ಹೋದವಳು, ಊರೂರು ಜ್ವರ ಬಿದ್ದ ವರ್ಷ ಗಂಡನನ್ನು ಕಳೆದುಕೊಂಡು ತಿರುಗಿ ಬಂದಿದ್ದಳು. ಮಕ್ಕಳಿರಲಿಲ್ಲ. ಆಕೆಯದು ಅಂತ ಆ ಮನೆಯಲ್ಲಿ ಇದ್ದದ್ದು ಹೊಲಿಯುತ್ತಿದ್ದ ಒಂದು ಕೌದಿ, ಬೂದು ಬಣ್ಣದ ಒಂದು ಹೆಣ್ಣುಬೆಕ್ಕು.

ಬೆಕ್ಕು ನಮ್ಮ ಯಾರನ್ನೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅತ್ತೆ ಬೀಸಲು ಕೂತರೆ ಬೀಸುಕಲ್ಲಿನ ಪಕ್ಕ, ರೊಟ್ಟಿ ಬಡಿಯಲು ಕೂತರೆ ಒಲೆಯ ಪಕ್ಕ ಅದರ ಜಾಗ. ಇಲಿ ಹಿಡಿದರೆ ಮೊದಲು ತಂದು ಅತ್ತೆಯ ಕಾಲ ಹತ್ತಿರ ಇಡುತ್ತಿತ್ತು. "ಶಾಣ್ಯಾಕಿ ಅದಿ" ಎಂದು ಆಕೆ ಅಂದ ಮೇಲೆಯೇ ಕಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿತ್ತು. ಲಿಂಗವಂತರ ಮನೆಯಲ್ಲಿ ಇದೆಂಥ ಚಂದ ಎಂದು ಅವ್ವ ಗೊಣಗುತ್ತಿದ್ದಳು. ಅಂಗಡಿಯ ಚೀಲಗಳು ಉಳಿದಿರುವುದೇ ಅದರಿಂದ ಎಂದು ಅಪ್ಪ ಹೇಳಿದರೆ ಸುಮ್ಮನಾಗುತ್ತಿದ್ದಳು. ಸುಮ್ಮನಾದಳು ಅಂದರೆ ಭರಣಿಗೆ ಹಾಕಿದಳು ಅಂತ ಅರ್ಥ.

ಶ್ರಾವಣದ ಒಂದು ಸೋಮವಾರ ಮಠದ ಅಯ್ಯನವರನ್ನು ಕರೆದಿದ್ದೆವು. ಪಾದಪೂಜೆ ಮುಗಿದು, ಅವರು ಮಣೆಯ ಮೇಲೆ ಕೂತು, ಮುಂದೆ ಮೂರು ಕಾಲಿನ ಅಡ್ಡಣಿಗೆಯ ಮೇಲೆ ಊಟದ ಗಂಗಾಳ ಇಟ್ಟಾಗಿತ್ತು. ಅತ್ತೆಯ ಕೈಯ ಹೋಳಿಗೆ ಅಂದರೆ ಅಯ್ಯನವರಿಗೆ ಪ್ರೀತಿ, ಆಕೆಯೇ ಬಡಿಸಬೇಕು. ಆಕೆ ಬಗ್ಗಿ ಹೋಳಿಗೆ ಹಾಕುತ್ತಿದ್ದಳು. ಅಷ್ಟರಲ್ಲಿ ಬೆಕ್ಕು ಬಂತು. ಎಂದಿನಂತೆ ಬಾಯಲ್ಲಿದ್ದದ್ದನ್ನು ಆಕೆಯ ಕಾಲ ಹತ್ತಿರ ಇಟ್ಟು ಮುಖ ನೋಡಿತು. ಇಲಿಗೆ ಇನ್ನೂ ಜೀವವಿತ್ತು. ಅದು ಉರುಳಿ ಅಡ್ಡಣಿಗೆಯ ಕಾಲಿಗೆ ತಾಗಿತು.

ಅಯ್ಯನವರು ತುತ್ತು ಮುಟ್ಟದೆ ಎದ್ದರು. ಬೈಯಲಿಲ್ಲ, "ಪ್ರಾಣಿ ಅದು, ಅದಕ್ಕೇನ ತಿಳೀತೈತಿ" ಎಂದು ಹೊರಟೇ ಹೋದರು. ಅವ್ವ ಬಾಗಿಲವರೆಗೆ ಹೋಗಿ ಕಾಲಿಗೆ ಬಿದ್ದು ಬಂದಳು. ಬಂದವಳು ಅತ್ತೆಯ ಕೈಯಿಂದ ಹೋಳಿಗೆಯ ಬುಟ್ಟಿ ಇಸಿದುಕೊಂಡಳು. ಅಂದು ಸಂಜೆಯವರೆಗೂ ಮಾತಾಡಲಿಲ್ಲ. ಆಮೇಲೆ ಬೆಣ್ಣೆಯಂಥ ದನಿಯಲ್ಲಿ, "ಬೆಕ್ಕ ಕೊಂದ ಪಾಪ ನಮಗ ಬ್ಯಾಡ. ಒಂದ ಚಲೋ ಜಾಗಾ ನೋಡಿ ಕೊಟ್ಟ ಬಿಡೂಣು" ಎಂದಳು.

ಜಾಗವೇನೋ ಮರುದಿನವೇ ಸಿಕ್ಕಿತ್ತು. ನಮ್ಮ ಓಣಿಗೆ ಬಳೆ ತೊಡಿಸಲು ಬರುತ್ತಿದ್ದ ಸಾಬರ ಹೆಂಗಸೊಬ್ಬಳು ಹಿಂದಿನ ಓಣಿಯವಳೇ. ಅತ್ತೆ ಬಳೆ ತೊಡುವಂತಿರಲಿಲ್ಲ. ಆದರೂ ಆ ಬಳೆಗಾರ್ತಿ ಬಂದಾಗೆಲ್ಲ ಬಳೆಗಳ ಮಲಾರ ಇಳಿಸಿ ಅತ್ತೆಯ ಹತ್ತಿರವೇ ಅಷ್ಟು ಹೊತ್ತು ಕೂತು ಹೋಗುತ್ತಿದ್ದಳು. "ನಮ್ಮ ಮನಿಗೆ ಕೊಡ್ರಿ ಅಕ್ಕಾ. ನಮ್ಮಲ್ಲಿ ಬೆಕ್ಕಿಗೆ ಯಾರೂ ಛೀ ಅನ್ನಂಗಿಲ್ಲ" ಎಂದಳು. ಅತ್ತೆಯ ಮುಖ ಅರಳಿತು. ಹಿತ್ತಲ ಗೋಡೆಯ ಮೇಲಿಂದ ಕರೆದರೆ ಬೆಕ್ಕು ಕೇಳಿಸಿಕೊಳ್ಳುವಷ್ಟು ಹತ್ತಿರದ ಮನೆ ಅದು. ಅವ್ವ ಆ ಮುಖವನ್ನು ನೋಡಿದಳು. "ಅಲ್ಲಿ ಎಲಬ ತಿಂದ ಇಲ್ಲಿ ನಮ್ಮ ಒಲಿ ಮುಂದ ಬಂದ ಕುಂದರಾಕನ?" ಎಂದು ಆ ಮಾತು ಮುರಿದಳು.

ದಸರೆ ಮುಗಿದು ಹೊಳೆ ಇಳಿದ ಮೇಲೆ ಜಾಗ ಗೊತ್ತಾಯಿತು. ಮಸಗುಪ್ಪಿಯಲ್ಲಿ ಅವ್ವನ ಅಣ್ಣ, ನನ್ನ ಮಾವ, ದೊಡ್ಡ ಒಕ್ಕಲುತನದವನು. ಹೊಳೆ ಆಚೆಯ ಊರು, ಬೆಕ್ಕಿಗೆ ತಿರುಗಿ ಬರುವ ದಾರಿ ಸಿಗುವುದಿಲ್ಲ. ಅವರ ಮನೆಯಲ್ಲಿ ನೆಲದೊಳಗಿನ ಹಗೆಯ ತುಂಬ ಜೋಳ, ಜೋಳದ ತುಂಬ ಇಲಿ. ಮಾವನ ಹೆಂಡತಿ ಸೊಂಟ ಬಿದ್ದು ಹಾಸಿಗೆ ಹಿಡಿದಿದ್ದಾಳೆ ಎಂಬುದು ನಮಗೆಲ್ಲ ಗೊತ್ತಿತ್ತು, ಆದರೆ ಆ ಮಾತು ಆಗ ಯಾರೂ ಎತ್ತಲಿಲ್ಲ.

"ನೀನೂ ಸಂಗಾಟ ಹೋಗ ತಂಗಿ," ಎಂದಳು ಅವ್ವ ಅತ್ತೆಗೆ. "ಅದು ನಿನ್ನ ಬಿಟ್ಟ ಮತ್ತೊಬ್ಬರ ಕೈಯಾಗ ನಿಲ್ಲಂಗಿಲ್ಲ. ಒಂದ ಎಂಟ ದಿನಾ ಇದ್ದ, ಅದಕ್ಕ ಜಾಗಾ ರೂಢಿ ಆದ ಮ್ಯಾಲೆ ಬಾ. ಬಂಡಿ ಕಳಸ್ತೀವಿ."

"ಆತ್ರಿ ವೈನಿ" ಎಂದಳು ಅತ್ತೆ. ಬೆಕ್ಕಿನ ಜೊತೆ ಇನ್ನೂ ಎಂಟು ದಿನ ಸಿಕ್ಕಿತೆಂದು ಆಕೆಗೆ ಸಂತೋಷವೇ ಆಗಿತ್ತು. ಉಟ್ಟ ಸೀರೆಯಲ್ಲದೆ ಇನ್ನೊಂದನ್ನು ಗಂಟು ಕಟ್ಟಿಕೊಂಡಳು. ಅರ್ಧ ಹೊಲಿದ ಕೌದಿಗೆ ಸೂಜಿ ಚುಚ್ಚಿ, ಮಡಿಚಿ, ಗೂಡಿನ ಮೇಲಿಟ್ಟಳು. ಹೊಳೆಯವರೆಗೆ ನಾನೂ ಬಂಡಿಯಲ್ಲಿ ಹೋಗಿದ್ದೆ. ದಂಡೆಯ ಮೇಲೆ ಬೆಕ್ಕಿನ ಚೀಲವನ್ನು ಗರಗರ ತಿರುಗಿಸಿ ಅದಕ್ಕೆ ದಿಕ್ಕು ತಪ್ಪಿಸಬೇಕೆಂದು ಅವ್ವ ಬಂಡಿಯವನಿಗೆ ಹೇಳಿ ಕಳಿಸಿದ್ದಳು. ಅತ್ತೆ ಚೀಲ ಕೊಡಲಿಲ್ಲ. "ತಲಿ ತಿರಗತೈತಿ ಪಾಪ ಅದಕ್ಕ" ಎಂದು ತೊಡೆಯ ಮೇಲೆ ಅವುಚಿಕೊಂಡು ನೀರು ದಾಟಿದಳು.

ಎಂಟು ದಿನ ಆಯಿತು. ದೀಪಾವಳಿ ಆಯಿತು. ನಮ್ಮ ಅಂಗಡಿಯಲ್ಲಿ ಇಲಿಗಳು ಮದುವೆ ಮನೆ ನಡೆಸಿದವು. ಬೆಲ್ಲದ ಪೆಂಟೆಗೆ ತೂತು, ಜೋಳದ ಚೀಲಕ್ಕೆ ತೂತು. ಬಂಡಿ ಕಳಿಸುವ ಮಾತು ಬಂದಾಗೆಲ್ಲ ಅವ್ವನಿಗೆ ಬೇರೆ ಕೆಲಸ ನೆನಪಾಗುತ್ತಿತ್ತು.

ಸಂಕ್ರಾಂತಿಯ ಸುಮಾರಿಗೆ ಮಾವ ಜೋಳ ಹೇರಿಕೊಂಡು ಸಂತೆಗೆ ಬಂದ. ಬಂಡಿಯಿಂದ ಚೀಲವೊಂದನ್ನು ಇಳಿಸಿ ಅಂಗಳದಲ್ಲಿ ಬಾಯಿ ಬಿಚ್ಚಿದ. ಬೆಕ್ಕು ಹೊರಬಂದು, ಮೈ ಜಾಡಿಸಿ, ನೇರ ಅಡುಗೆ ಮನೆಗೆ ಹೋಗಿ ಬೀಸುಕಲ್ಲಿನ ಪಕ್ಕ ನಿಂತು ಕೂಗತೊಡಗಿತು.

"ನಿನ್ನ ಬೆಕ್ಕ ನೀ ಇಟಗೋಳವಾ ತಂಗಿ. ಹಾಲಿನ ಗಡಗಿಗೆ ಬಾಯಿ ಹಾಕತೈತಿ," ಎಂದ ಮಾವ.

"ಮತ್ತ ನಮ್ಮ ತಂಗಿ?" ಎಂದು ಅಪ್ಪ ಕೇಳಿದ.

"ಆಕಿ ಇರಲಿ ಬಿಡ್ರಿ. ಕೈ ಚಲೋ ಐತಿ ಆಕಿದು. ನಮ್ಮ ಮನ್ಯಾಕಿ ಎದ್ದ ಕುಂದರಂಗಿಲ್ಲ, ಬೀಸಾವ್ರ ಯಾರ, ಹೆಂಡಿ ಬಳ್ಯಾವ್ರ ಯಾರ?"

ಅಪ್ಪ ಅವ್ವನ ಕಡೆ ನೋಡಿದ. ಅವ್ವ ಅಣ್ಣನಿಗೆ ಮಜ್ಜಿಗೆ ತರಲು ಒಳಗೆ ಹೋದಳು. ಬೆಕ್ಕನ್ನು ಮತ್ತೆ ಚೀಲಕ್ಕೆ ಹಾಕುವ ಮಾತನ್ನು ಅವ್ವ ಆಡಲಿಲ್ಲ. ಇಲಿಗಳು ಆಕೆಗೂ ಬುದ್ಧಿ ಕಲಿಸಿದ್ದವು. ಬೆಕ್ಕು ಇಲಿ ಹಿಡಿದು ತಂದು ಯಾರ ಕಾಲ ಹತ್ತಿರ ಇಡಬೇಕೆಂದು ತಿಳಿಯದೆ ಒಲೆಯ ಸುತ್ತ ತಿರುಗುತ್ತಿತ್ತು. ಕೆಲ ದಿನಗಳಲ್ಲಿ ಆ ರೂಢಿ ಬಿಟ್ಟಿತು. ಗೂಡಿನ ಮೇಲಿದ್ದ ಕೌದಿಯ ಸೂಜಿ ಕಿತ್ತು, ಅದನ್ನು ಬೆಕ್ಕಿಗೆ ಮಲಗಲು ಹಾಸಿದವಳೂ ಅವ್ವನೇ.

ಮುಂದಿನ ಪಂಚಮಿ ಹತ್ತಿರ ಬಂತು. ಆ ವರ್ಷ ಮಳೆ ತಡವಾಗಿ ಹೊಳೆ ಇನ್ನೂ ತುಂಬಿರಲಿಲ್ಲ. ನಮ್ಮ ಕಡೆ ಪಂಚಮಿಗೆ ಅಣ್ಣ ಬಂಡಿ ಕಟ್ಟಿಕೊಂಡು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಹಬ್ಬದ ಬಳೆ ತೊಡಿಸಲು ಬಂದ ಬಳೆಗಾರ್ತಿ ಹಳ್ಳಿಗಳನ್ನು ಸುತ್ತಿ ಬಂದಿದ್ದಳು. ಅವ್ವನ ಕೈ ಹಿಡಿದು ಬಳೆ ಏರಿಸುತ್ತಲೇ ಹೇಳಿದಳು. "ಮಸಗುಪ್ಪ್ಯಾಗ ಭೆಟ್ಟಿ ಆಗಿದ್ಲರಿ ಅಕ್ಕಾ. ಸೊರಗಿ ಭಾಳ ಬಡವ ಆಗ್ಯಾಳ್ರಿ. ಸೀರಿ ಒಗದ ಮಡಚಿ ಇಟ್ಟಾಳ್ರಿ, ಅಣ್ಣ ಪಂಚಮಿಗೆ ಬರ್ತಾನಂತ. ಬೆಕ್ಕಿಗೆ ರೊಟ್ಟಿ ಮಜ್ಜಿಗ್ಯಾಗ ನೆನಸಿ ಹಾಕ್ರಿ, ಒಣಾದು ಹಾಕಬ್ಯಾಡ್ರಿ ಅಂತ ಹೇಳ್ಯಾಳ್ರಿ."

ಆ ಹೊತ್ತಿಗೆ ಅಪ್ಪ ಬಂಡಿಗೆ ಎತ್ತು ಹೂಡಿ, ರುಮಾಲು ಸುತ್ತಿಕೊಳ್ಳುತ್ತಿದ್ದ. ಅವ್ವ ಹೊಸ ಬಳೆಗಳ ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು.

"ಪಂಚಮಿಗೆ ಕರಕೊಂಡ ಬರೂದು ಗಂಡನ ಮನ್ಯಾಗಿಂದರಿ," ಎಂದಳು ಅಪ್ಪನಿಗೆ. "ಮಸಗುಪ್ಪಿ ಏನ ಆಕಿ ಗಂಡನ ಮನಿಯೇನ್ರಿ? ಯಾವ ಪದ್ಧತಿ ಇದು? ನೋಡಿದ ಮಂದಿ ಏನಂದಾರು?"

ಬಳೆಗಾರ್ತಿ ತಲೆ ತಗ್ಗಿಸಿ ಮಲಾರ ಕಟ್ಟಿದಳು. ಅಪ್ಪ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, ಎತ್ತಿನ ನೊಗ ಇಳಿಸಿದ. ಅವ್ವನ ಮೇಲೆ ನನಗೆ ಸಿಟ್ಟಿದೆ, ಆದರೆ ಆಕೆಗೆ ಬೇಕಾದದ್ದೇನೆಂದು ಆಕೆಗೆ ಗೊತ್ತಿತ್ತು. ಅಪ್ಪನಿಗೆ ತಂಗಿ ಬೇಕಿತ್ತು, ಆದರೂ ಒಂದು ಮಾತಿಗೆ ಎತ್ತು ಬಿಚ್ಚಿದ. ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಪಂಚಮಿಯಾದ ಮೇಲಿನ ಸೋಮವಾರ ಅಯ್ಯನವರು ಬಂದರು. ಹೋದ ವರ್ಷದ್ದನ್ನು ಅವರು ಮನಸ್ಸಿನಲ್ಲಿಟ್ಟಿರಲಿಲ್ಲ. ಪಾದಪೂಜೆ ಆಯಿತು, ಅಡ್ಡಣಿಗೆ ಇಟ್ಟರು, ಅವ್ವ ತಾನೇ ಮಾಡಿದ ಹೋಳಿಗೆ ಬಡಿಸಿದಳು. ಅಯ್ಯನವರು ಒಂದು ತುಣುಕು ಮುರಿದು ಬಾಯಿಗಿಟ್ಟು, ಅತ್ತಿತ್ತ ನೋಡಿದರು.

"ನಮಗ ಬಡಸ್ತಿದ್ದ ಆ ಹೆಣಮಗಳು ಕಾಣವಲ್ಲಳಲಾ?"

"ಬೆಕ್ಕಿಗೆ ಜಾಗಾ ತೋರಸಾಕ ಹೋಗ್ಯಾಳ್ರಿ ಅಯ್ಯಾರ," ಎಂದಳು ಅವ್ವ. "ಅದಕ್ಕ ರೂಢಿ ಆತಂದ್ರ ಬರ್ತಾಳ್ರಿ."

ಬೆಕ್ಕು ಅವರ ಎದುರಿಗೇ, ಒಲೆಯ ಪಕ್ಕದ ಕೌದಿಯ ಮೇಲೆ ಕೂತು ಕಾಲು ನೆಕ್ಕಿಕೊಳ್ಳುತ್ತಿತ್ತು. ಅಯ್ಯನವರು ಅದನ್ನು ನೋಡಿದರು, ಅವ್ವನನ್ನು ನೋಡಿದರು, ತಲೆ ತಗ್ಗಿಸಿ ಕೂತಿದ್ದ ಅಪ್ಪನನ್ನೂ ನೋಡಿದರು. ಈ ಸಲವಾದರೂ ಎದ್ದು ಹೋಗುತ್ತಾರೆಂದು ನಾನು ಕಾದೆ. ಅವರು ಗಂಗಾಳವನ್ನು ಅವ್ವನ ಕಡೆ ಸರಿಸಿ, ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡರು.