ಸಾಧಾರಣ ಮಳೆಯಲ್ಲಿ ವಡಾಲದಿಂದ ಫೋರ್ಟ್‌ವರೆಗೆ

ಮಳೆ ಸುರಿಯಿತು, ಲೋಕಲ್ ನಿಂತಿತು, ಶಿಕ್ಷೆಯಾದದ್ದು ಮಾತ್ರ ವಿದ್ಯಾರ್ಥಿಗಳಿಗೆ. ವಡಾಲದ ಸುಜಾತಾ ಬಿ.ಎಸ್ಸಿ.ಯ ಕೊನೆಯ ಭೌತಶಾಸ್ತ್ರ ಪರೀಕ್ಷೆಗೆಂದು ಹೊರಟು, ಹಳಿ ಮುಳುಗಿದ್ದರಿಂದ ನಡುದಾರಿಯಲ್ಲೇ ನಿಂತ ರೈಲಿನಲ್ಲಿ ಸಿಕ್ಕಿಬಿದ್ದಳು. ಪರೀಕ್ಷಾ ವಿಭಾಗ ಅವಳನ್ನು ಗೈರುಹಾಜರು ಎಂದು ಬರೆದುಕೊಂಡಿತು. ಮರುಪರೀಕ್ಷೆ ಇಲ್ಲದಿದ್ದರೆ ಅವಳಿಗೆ ಈ ವರ್ಷ ಎಂ.ಎಸ್ಸಿ. ಪ್ರವೇಶವೂ ಇಲ್ಲ. ಈ ಸಂಗತಿ ತಿಳಿದು, ಪತ್ರಿಕೆಗೆ ಬರೆಯಲೆಂದು ನಾನು ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆ.

ದಾದರಿನಲ್ಲಿ ಇಳಿದಾಗ ತುಂತುರು ಮಳೆ. ಅಲ್ಲಿಂದ ಬಸ್ಸಿನಲ್ಲಿ ವಡಾಲ. ವಿಜಯಪುರದಿಂದ ಬಂದು ನೆಲೆಸಿದ ಸುಜಾತಾಳ ಕುಟುಂಬದ ಮನೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಸಿದ್ಧವಾಗಿದ್ದವು. ಅವಳ ತಾಯಿ ನೀಲವ್ವ ಇನ್ನೊಂದು ರೊಟ್ಟಿ ಹಾಕುತ್ತ, "ನಮ್ಮ ಹುಡುಗಿ ಮಳಿಗೆ ಹೆದರಾಕಿ ಅಲ್ರೀ ಯಕ್ಕಾ. ಗಾಡೀನ ನಿಂತ್ರ ಈಜಿಕೋತ ಹೋಗಬೇಕೇನ್ರೀ?" ಎಂದರು.

ವಿಶ್ವವಿದ್ಯಾಲಯದ ನಿಯಮ ಹೇಳುವುದು ಇಷ್ಟು: ಮಳೆ 'ಅಸಾಧಾರಣ'ವಾಗಿದ್ದರೆ ಮರುಪರೀಕ್ಷೆ. ಪರೀಕ್ಷೆಯ ದಿನ ಬೆಳಗಿನ ಹವಾಮಾನ ಮುನ್ಸೂಚನೆಯಲ್ಲಿ ಇದ್ದದ್ದು 'ಸಾಧಾರಣ ಮಳೆ'. ಹೀಗೆ ಒಂದು ಅಕ್ಷರದ ಕೊರತೆಯಿಂದ ಒಂದು ರೈಲು ತುಂಬ ವಿದ್ಯಾರ್ಥಿಗಳು ತಪ್ಪಿತಸ್ಥರಾದರು.

ಈ ಗಂಟನ್ನು ಎರಡೂ ತುದಿಗಳಿಂದ ಬಲ್ಲವರೊಬ್ಬರು ಬಾಂದ್ರಾದಲ್ಲಿದ್ದರು. ಮೈಸೂರಿನ ಭೌತವಿಜ್ಞಾನಿ ವಸುಂಧರಾ ಬಹುಕಾಲ ಸರ್ಕಾರದ ಹವಾಮಾನ ಉಪಗ್ರಹಗಳ ಚಿತ್ರಗಳನ್ನು ಓದಿದವರು. ಆನಂತರ ಬೇರೊಂದು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಹಾರ್ಬರ್ ಲೈನಿನ ಲೋಕಲ್ ಹಿಡಿದು ನಾನೂ ಸುಜಾತಾಳೂ ಅವರ ಮನೆ ತಲುಪಿದೆವು. ಅವರ ಮೊದಲ ವರದಿಗಳ ಮೇಲೆ ಮೇಲಧಿಕಾರಿಗಳ ಹೆಸರಷ್ಟೇ ಅಚ್ಚಾಗುತ್ತಿತ್ತಂತೆ. ಇದು ಕಳ್ಳತನವೆಂದು ನಾನು ಹೇಳಿದಾಗ ಅವರು ನಕ್ಕು, ಮೋಡಗಳು ಯಾರ ಹೆಸರನ್ನೂ ಕೇಳುತ್ತಿರಲಿಲ್ಲ ಎಂದರು. ನಾನು ನಗಲಿಲ್ಲ; ಕಳ್ಳತನ ಕಳ್ಳತನವೇ.

"ಮೇಡಂ, ಸ್ಯಾಟಲೈಟ್‌ನಲ್ಲಿ ನಮ್ಮ ಬಿಲ್ಡಿಂಗ್, ಮತಲಬ್, ಕಾಣ್ತಿತ್ತಾ?" ಎಂದು ಸುಜಾತಾ ಕೇಳಿದಳು.

"ಅದಕ್ಕೆ ಮೋಡದ ನೆತ್ತಿ ಕಾಣತ್ತೆ ಮಗು. ಕೆಳಗೆ ನಿನ್ನ ಮೊಣಕಾಲವರೆಗೆ ನೀರು ಬಂದಿದ್ದು ಕಾಣಲ್ಲ. ಅದನ್ನ ನೋಡೋಕೆ ಕುಲಪತಿ ಅಂತ ಒಬ್ಬರನ್ನ ಕೂರಿಸಿರ್ತಾರೆ," ಎಂದು ಅವರು ಕೊಡೆ ಹಿಡಿದು ಎದ್ದರು.

ಮೂವರೂ ವಿಶ್ವವಿದ್ಯಾಲಯವಿರುವ ಫೋರ್ಟ್‌ಗೆ ಹೋದೆವು. ಉಡುಪಿ ಹೋಟೆಲಿನ ಇಡ್ಲಿ ಸಾಂಬಾರು ಮುಗಿಸಿ, ಪರೀಕ್ಷಾ ವಿಭಾಗದ ಕಚೇರಿಯ ಮೆಟ್ಟಿಲೇರಿದೆವು. ಲಿಫ್ಟ್ ಕೆಟ್ಟಿತ್ತು, ಮಂಡಿನೋವಿನ ವಸುಂಧರಾ ಮೂರನೆಯ ಮಹಡಿಗೆ ಹತ್ತಬೇಕಾದದ್ದು ಇನ್ನೊಂದು ಅನ್ಯಾಯ. ಅಲ್ಲಿದ್ದ ಅಧಿಕಾರಿ ಮಂಗಳೂರಿನವರು. ನಮ್ಮ ಕನ್ನಡ ಕೇಳಿ ಸಂತೋಷಪಟ್ಟು ಚಹಾ ತರಿಸಿದರು, ಆದರೆ ಮುನ್ಸೂಚನೆಯಲ್ಲಿ 'ಸಾಧಾರಣ' ಎಂದೇ ಇದೆ, ತಾನೇನು ಮಾಡಲಿ ಎಂದರು.

"ನಮ್ಮ ಕೆಲಸದಲ್ಲಿ ಸಾಧಾರಣ ಅನ್ನೋದು ಒಂದು ಅಳತೆ ಕಣ್ರೀ, ಸಮಾಧಾನ ಅಲ್ಲ," ಎಂದರು ವಸುಂಧರಾ. "ಅದೂ ಮಳೆ ಬೀಳೋ ಮೊದಲು ಹೇಳಿದ ಮಾತು. ನಾನು ಕುಲಪತಿಯಾಗಿದ್ದಾಗ ಆಕಾಶ ನೋಡ್ತಿರಲಿಲ್ಲ. ಸ್ಟೇಷನ್‌ಗೆ ಫೋನ್ ಮಾಡಿ ಗಾಡಿ ಓಡ್ತಿದೆಯಾ ಅಂತ ಕೇಳ್ತಿದ್ದೆ."

ಅಧಿಕಾರಿ ಚಹಾದ ಲೋಟವನ್ನು ಬದಿಗಿಟ್ಟರು. "ಆ ದಿನ ನಾನೂ ಲೇಟ್ ಮಾರಾಯ್ರೆ. ನನಗೆ ಹಾಜರಿ ಹಾಕಿದ್ರು," ಎಂದು ಮೆಲ್ಲನೆ ಹೇಳಿ, ಸುಜಾತಾ ತಂದಿದ್ದ ಮರುಪರೀಕ್ಷೆಯ ಅರ್ಜಿಯನ್ನು ಪರೀಕ್ಷಾ ಸಮಿತಿಯ ಮುಂದಿಡಲು ಒಪ್ಪಿಕೊಂಡರು. ಮೆಟ್ಟಿಲಿಳಿಯುವಾಗ ಸುಜಾತಾ ನಗು ತಡೆಯಲಾರದೆ ಗೋಡೆ ಹಿಡಿದು ನಿಂತಳು.

ಸಂಜೆ ದಾದರಿನಲ್ಲಿ ನನ್ನ ರೈಲು ಹೊರಟಾಗ ಅವಳು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಪುಸ್ತಕ ತೆರೆದಾಗಿತ್ತು. ಕೈ ಬೀಸುವುದನ್ನೂ ಮರೆತಿದ್ದಳು. ಮತ್ತೆ ಮಳೆ ಶುರುವಾಗಿತ್ತು.

ಪರೀಕ್ಷಾ ಸಮಿತಿಯ ಸದಸ್ಯರೇ, ನಿಮ್ಮ ನೌಕರರಿಗೆ ಕೊಟ್ಟ ಹಾಜರಿಯ ನ್ಯಾಯವನ್ನು ವಿದ್ಯಾರ್ಥಿಗಳಿಗೂ ಕೊಡಿ. ಎಂ.ಎಸ್ಸಿ. ಪ್ರವೇಶ ಮುಗಿಯುವ ಮುನ್ನ ಆ ಭೌತಶಾಸ್ತ್ರ ಪತ್ರಿಕೆಯ ಮರುಪರೀಕ್ಷೆ ನಡೆಸಿ. ನಿಯಮದಿಂದ 'ಅಸಾಧಾರಣ ಮಳೆ'ಯನ್ನು ಹೊಡೆದುಹಾಕಿ, ಅಲ್ಲಿ 'ಲೋಕಲ್ ನಿಂತರೆ' ಎಂದು ಬರೆಯಿರಿ.