ಹಮೀದಾಕ ಗಾಡಿ ನಿಲ್ಲಿಸಿದ್ದು

ಮನೆಮನೆಗೆ ಕಂಪ್ಯೂಟರ್ ಬರತೊಡಗಿದ್ದ ಕಾಲ. ರಿಪೇರಿಗೆಂದು ಬೆಳ್ತಂಗಡಿ ಹತ್ತಿರದ ಲಾಯಿಲದ ಒಂದು ಮನೆಗೆ ಹೋಗಿದ್ದೆ. ಯಜಮಾನರಾದ ಹಮೀದಾಕ ತುಂಬ ವರ್ಷ ಸೌದಿಯ ದಮಾಮಿನಲ್ಲಿ ಟ್ರೈಲರ್ ಓಡಿಸಿ, ಆಗಷ್ಟೇ ಊರಿಗೆ ಬಂದವರು. ಸರಿಯಾಯಿತೋ ಎಂದು ನೋಡಲು ನಾನು ಮಕ್ಕಳ ಕಾರ್ ರೇಸಿನ ಆಟ ಹಾಕಿದೆ. ಊರಿಡೀ ಮನಬಂದಂತೆ ಸುತ್ತಬಹುದು, ಪೊಲೀಸರು ಬೆನ್ನಟ್ಟಿದರೆ ತಪ್ಪಿಸಿಕೊಳ್ಳಬೇಕು, ಅಂಥ ಆಟ.

"ನಾನೊಮ್ಮೆ ನೋಡ್ತೇನೆ" ಎಂದು ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಕುಳಿತವರ ಕೈ ಮೊದಲು ಎಡ ಹೆಗಲ ಹತ್ತಿರ ಹೋಗಿ ಸೀಟ್ ಬೆಲ್ಟ್ ಹುಡುಕಿತು. ಕೆಂಪು ಸಿಗ್ನಲ್ ಕಂಡಲ್ಲೆಲ್ಲ ಕಾರು ನಿಲ್ಲಿಸಿದರು. ಒಂದು ಕಡೆ ಇನ್ನೊಂದು ಕಾರಿಗೆ ತಾಗಿತು, ಸೈರನ್ ಹಾಕಿಕೊಂಡು ಪೊಲೀಸರು ಬಂದರು. ಹಮೀದಾಕ ಗಾಡಿಯನ್ನು ಮೆಲ್ಲ ಬದಿಗೆ ಹಾಕಿದರು.

"ಓಡಿಸಿ ಹಮೀದಾಕ, ನಿಂತರೆ ಹಿಡೀತಾರೆ" ಎಂದು ನಕ್ಕೆ.

"ಹಿಡಿಯಲಿ. ದಮಾಮಿನಲ್ಲಿ ಒಮ್ಮೆ ಹೀಗೇ ತಾಗಿದಾಗ ಹೆದರಿ ನಿಲ್ಲಿಸದೆ ಹೋದೆ. ಅದಕ್ಕೇ ವೀಸಾ ಕಳಕೊಂಡು ನಾನೀಗ ಇಲ್ಲಿ ಇರುವುದು."

ಆಟದ ಪೊಲೀಸರು ದಂಡ ಹಾಕಿದರು. ಮರುಕ್ಷಣ ಅದೇ ಕಾರು ಅದೇ ರಸ್ತೆಯಲ್ಲಿ ಹೊರಡಲು ತಯಾರಾಗಿತ್ತು.

"ಇಷ್ಟೇಯಾ? ದಂಡ ಕಟ್ಟಿದರೆ ಗಾಡಿ ವಾಪಸ್ ಕೊಡ್ತಾರಾ?"

"ಹೌದು. ಮತ್ತೆ ಓಡಿಸಬಹುದು."

ಅವರು ಪರದೆಯ ಮೇಲಿನ ರಸ್ತೆಗಳತ್ತ ಬೆರಳು ತೋರಿಸಿದರು. "ಒಳ್ಳೆ ಊರು ಮಾರಾಯ ಅದು."

ನಾನು ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡೆ. ಬೆಳ್ತಂಗಡಿ ಪೇಟೆಯಲ್ಲಿ ವೀಸಾ ಮಾಡಿಸಿಕೊಡುವವರು ಬೇಕಾದಷ್ಟು ಜನ ಇದ್ದರು. ಆಟದ ಆ ಊರಿನ ವೀಸಾ ಮಾತ್ರ ಯಾರ ಹತ್ತಿರವೂ ಇರಲಿಲ್ಲ.